ಬೆನ್ನು ಹಾಕಿ ಕೇಳಿದ ಆಟ

ನನ್ನ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಇದನ್ನು ಮೊದಲು ಪತ್ತೆ ಮಾಡಿದವನು ಆಳಂದದ ಬಸ್ ಸ್ಟ್ಯಾಂಡಿನ ಎದುರು ಕೂತು ಚಪ್ಪಲಿ ಹೊಲಿಯುವ ಮನುಷ್ಯ. ಅಟ್ಟೆಯನ್ನು ತಿರುವಿ ತಿರುವಿ ನೋಡಿ, "ಟೀಚರ, ಕಾಲಿಗೇನರೆ ಆಗ್ಯಾದೇನ್ರಿ? ಒಂದೇ ಕಾಲ ಮ್ಯಾಲ ಭಾರ ಹಾಕಿ ನಡೀತೀರೇನು?" ಎಂದು ಮರುಕದಿಂದ ಕೇಳಿದ. ಕಾಲೇನೋ ಸರಿಯಾಗಿವೆ, ಬಲಗಾಲಿನ ಚಪ್ಪಲಿ ಆಗಾಗ ಒತ್ತೆ ಬೀಳುತ್ತದೆ ಎಂದೆ. ಬೇರೆ ಊರಿನವನಾಗಿದ್ದರೆ ಈಕೆಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದ. ಅವನು ಮಾತ್ರ, "ಹಾಂಗನ್ರಿ ಮತ್ತ! ಶೆಡ್ಡಿಗಿ ಹೋಗವ್ರು ನೀವು" ಎಂದು ಸಮಾಧಾನಪಟ್ಟು ದಾರಕ್ಕೆ ಮೇಣ ಸವರಿದ.

ನಿಮಗೆ ಶೆಡ್ಡು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಓಣಿಯ ತುದಿಗೆ ಒಂದು ಹಳೇ ಬೇಳೆ ಮಿಲ್ಲಿದೆ. ತೊಗರಿ ಒಡೆಯುವ ಯಂತ್ರ ನಿಂತು ಎಷ್ಟೋ ಕಾಲವಾಯಿತು. ಮಾಲೀಕರ ಮನೆಯವರು "ಹೆಗ್ಗಣ ಸೇರೂಕಿಂತ ಮಂದಿ ಸೇರ್‍ಲಿ" ಎಂದು ಕೀಲಿಯನ್ನು ಓಣಿಯ ಕೈಗೇ ಕೊಟ್ಟರು. ಮೊದಲು ಬಡಿಗೇರ ಮಾನಪ್ಪ ತನ್ನ ಉಳಿ, ಬಾಚಿ, ಗರಗಸ ತಂದು ಗೋಡೆಯ ಮೊಳೆಗೆ ನೇತುಹಾಕಿದ. ಅವನ ಹಿಂದೆ ಟೀವಿ ರಿಪೇರಿಯ ಮೈಬೂಬ ಭಾಯಿ ತನ್ನ ಬೆಸುಗೆ ಕಡ್ಡಿ, ಮೀಟರು ತಂದ. ಆಮೇಲೆ ಯಾರೋ ಡ್ರಿಲ್ಲಿಂಗ್ ಮಷೀನು, ಯಾರೋ ನಟ್ಟು ಬಿಚ್ಚುವ ಪಾನಾ, ಯಾರೋ ಬರೀ ತಮ್ಮ ಬಾಯಿ ತಂದರು. ಈಗ ಗೋಡೆ ತುಂಬ ಸಾಮಾನು. ಯಾರು ಬೇಕಾದರೂ ಬಂದು ಕೂರಿಗೆ ತಾಳು ಸರಿಮಾಡಿಕೊಳ್ಳಬಹುದು, ಮಿಕ್ಸರ್ ಬಿಚ್ಚಬಹುದು, ಕುರ್ಚಿಗೆ ಕಾಲು ಹಚ್ಚಬಹುದು. ಸಾಮಾನು ಮನೆಗೆ ಒಯ್ಯಬೇಕೆಂದರೆ ಮಾತ್ರ ಒಂದು ಕಟ್ಟಳೆಯಿದೆ: ಆ ಮೊಳೆಯ ಕೆಳಗೆ, ನೆಲದ ಮೇಲೆ, ನಿಮ್ಮ ಒಂದು ಚಪ್ಪಲಿ ಬಿಟ್ಟು ಹೋಗಬೇಕು.

ಒಂದೇ ಯಾಕೆ, ಎರಡೂ ಯಾಕಲ್ಲ ಎಂದು ನಾನೂ ಕೇಳಿದ್ದೆ. "ಎರಡೂ ಬಿಟ್ಟಾಂವ ಬರಿಗಾಲಲೆ ಆರಾಮ ಇರ್ತಾನ್ರಿ" ಎಂದ ಮಾನಪ್ಪ. "ಒಂದ ಬಿಟ್ಟಾಂವಗ ಹೆಜ್ಜಿ ಹೆಜ್ಜಿಗಿ ನೆನಪಾಗ್ತದ." ಎಂಥ ದೊಡ್ಡ ಮಾತು! ಸಮಾಜ ವಿಜ್ಞಾನದ ಪಾಠ ಹೇಳುತ್ತ ಇಷ್ಟು ವರ್ಷ ಕಳೆದೆ, ಕಾನೂನು ಎಂದರೆ ಏನೆಂದು ಇಷ್ಟು ಚಿಕ್ಕದಾಗಿ ಹೇಳಲು ನನಗೆ ಬಂದಿರಲಿಲ್ಲ. ಒಂದು ಸಲ ಶಾಲೆಯ ಭೂಪಟದ ಕೋಲು ಕೂಡಿಸಲೆಂದು ಸಣ್ಣ ಸುತ್ತಿಗೆ ಒಯ್ದಿದ್ದೆ. ಮರುದಿನ ಅವಸರದಲ್ಲಿ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಚಪ್ಪಲಿ ಮೆಟ್ಟಿಕೊಂಡು ಪ್ರಾರ್ಥನೆಗೆ ನಿಂತೆ. ಮಕ್ಕಳು ಕಣ್ಣು ಮುಚ್ಚಿ ಪ್ರಾರ್ಥಿಸುವವು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ಗೇಮಿನ ಪೆಟ್ಟಿಗೆಯ ಮಾತು ಹೇಳಲಿಕ್ಕೆ.

ಹೋದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ಕೊಳಕೂರಿಗೆ, ನಮ್ಮ ಸೋದರತ್ತೆಯ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದೆ. ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದರೆ ದನದ ಕೊಟ್ಟಿಗೆಯ ಮಗ್ಗುಲಿಗೆ ಆಳೆತ್ತರದ ಒಂದು ಕಟ್ಟಿಗೆಯ ಪೆಟ್ಟಿಗೆ. ಮೈತುಂಬ ಅರಿಶಿನ ಕುಂಕುಮ, ಹಣೆಗೆ ವಿಭೂತಿ, ಮೇಲೆ ಒಣಗಿದ ಮಾವಿನ ತೋರಣ. ಯಾವ ದೇವರೋ ಎಂದು ಕೈ ಮುಗಿಯಲು ಹೋದವಳು ಮಗ್ಗುಲಿನ ಅಕ್ಷರ ಕಂಡು ನಿಂತೆ. ನೀಲಿ ಬಣ್ಣದಲ್ಲಿ ಅಪ್ಪನ ಸೊಟ್ಟ ಬರಹ: "ಗುದ್ದಬೇಡಿ. ಅದಕ್ಕೆ ತಿಳಿಯುವುದಿಲ್ಲ."

ಅಯ್ಯ, ನಮ್ಮ ಪೆಟ್ಟಿಗೆ! ಅಪ್ಪ ಅಂಗಡಿ ಮುಚ್ಚಿದಾಗ ಅದನ್ನು ತನ್ನ ಈ ತಂಗಿಯ ಮನೆಗೆ ಸಾಗಿಸಿದ್ದು ನೆನಪಿತ್ತು. ಆಮೇಲೆ ಏನಾಯಿತೆಂದು ಯಾರೂ ಕೇಳಿರಲಿಲ್ಲ. ಸೋದರತ್ತೆ ಚಿತ್ರದ ಗಾಜಿನ ಕೊಳವೆ ತೆಗೆಸಿ ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿ, ಖಾಲಿಯಾದ ಜಾಗದಲ್ಲಿ ದೇವರನ್ನು ಕೂಡಿಸಿದ್ದಳಂತೆ. ಮೇಲೆ ಟ್ಯೂಬ್‌ಲೈಟಿನ ಗೂಡು, ಮುಂದೆ ಗಾಜು, ಕೆಳಗೆ ಆರತಿ ತಟ್ಟೆ ಇಡಲು ಹಲಗೆ. ಇಷ್ಟು ಅಚ್ಚುಕಟ್ಟಾದ ದೇವರ ಜಗಲಿ ಕೊಳಕೂರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲವಂತೆ. ಹೊಸ ಮನೆಯಲ್ಲಿ ಕಲ್ಲಿನ ಜಗಲಿಯಾಗಿ ದೇವರು ಅಲ್ಲಿಗೆ ಹೋದವು, ಪೆಟ್ಟಿಗೆ ಹಿತ್ತಲಿಗೆ ಬಂತು.

"ಅತ್ತಿ, ಇದು ನಾ ಒಯ್ಲೇನು?" ಎಂದೆ.

"ಒಯ್ಯವ್ವ ತಾಯಿ, ದೇವ್ರ ಎದ್ದು ಹೋಗ್ಯಾವ. ಖಾಲಿನೇ ಅದ" ಎಂದಳು.

ಕಂಬಳಿಯಲ್ಲಿದ್ದ ಗಾಜಿನ ಕೊಳವೆಯನ್ನೂ ಸೇರಿಸಿ ಟೆಂಪೋದಲ್ಲಿ ಹೇರಿಕೊಂಡು ಬಂದೆವು. ಜೇವರ್ಗಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಮುದುಕಿಯೊಬ್ಬಳು ಟೆಂಪೋದ ಹತ್ತಿರ ಬಂದು ಪೆಟ್ಟಿಗೆಗೆ ಶರಣು ಮಾಡಿ, "ಯಾವೂರ ದೇವ್ರವ್ವ?" ಎಂದು ಕೇಳಿದಳು. "ಆಳಂದದ್ದು" ಎಂದೆ. ಸುಳ್ಳೇನಲ್ಲವಲ್ಲ.

ಈಗ ಅಪ್ಪನ ಅಂಗಡಿಯ ಮಾತಿಗೆ ಬರುತ್ತೇನೆ. ನಾವು ಸಣ್ಣವರಿದ್ದಾಗ ಅಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಒಂದು ಮಳಿಗೆ ಹಿಡಿದು ಈ ಪೆಟ್ಟಿಗೆ ಇಟ್ಟಿದ್ದ. ರೂಪಾಯಿ ಹಾಕಿದರೆ ಒಂದು ಆಟ. ತಲೆಗೆ ಕೆಂಪು ರುಮಾಲು ಸುತ್ತಿದ ಗಿಡ್ಡ ಮನುಷ್ಯನೊಬ್ಬ ಅಂತಸ್ತಿನ ಮೇಲೆ ಅಂತಸ್ತು ಹತ್ತುತ್ತ, ಈಟಿಯವರನ್ನು ಕೆಡವುತ್ತ, ಬೆಟ್ಟದ ತುದಿಯ ಕೋಟೆಯ ಬಾಗಿಲಿಗೆ ಹೋಗಬೇಕು. ಬಾಗಿಲ ಮುಂದೆ ಹೊಗೆ ಉಗುಳುವ ದೊಡ್ಡ ಹಲ್ಲಿ. ಆ ಗಿಡ್ಡನಿಗೆ ಆಳಂದದವರು ರುಮಾಲ್ಯಾ ಎಂದು ಹೆಸರಿಟ್ಟಿದ್ದರು. ಕೋಟೆಯ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಅಲ್ಲಿಗೆ ಮುಟ್ಟಿರಲಿಲ್ಲ. ರಾಜನ ಮಗಳಿದ್ದಾಳೆ ಎಂದು ಕಾಲೇಜಿನ ಹುಡುಗರು, ಬಂಗಾರ ಇದೆ ಎಂದು ಅಡತಿ ಅಂಗಡಿಯವರು. ಅಪ್ಪನನ್ನು ಕೇಳಿದರೆ, "ಒಳಗ ಕರೆಂಟಿನ ಆಫೀಸ ಅದ. ಅದಕ್ಕ ಯಾರಿಗೂ ಬಿಡಂಗಿಲ್ಲ" ಎನ್ನುತ್ತಿದ್ದ.

ಅಪ್ಪ ಹಾಗೆ ಅನ್ನಲು ಕಾರಣವಿತ್ತು. ಆಗ ಆಳಂದದಲ್ಲಿ ಕರೆಂಟು ಎನ್ನುವುದು ನೆಂಟರಿದ್ದ ಹಾಗೆ, ಬಂದರೆ ಬಂತು. ಕರೆಂಟು ಹೋದರೆ ಆಟ ಹೋಯಿತು, ಹೆಚ್ಚು ಅಂಕ ಗಳಿಸಿದವರ ಹೆಸರೂ ಹೋಯಿತು. ಬೆಳಿಗ್ಗೆ ರಾಜನಾದವನು ಮಧ್ಯಾಹ್ನಕ್ಕೆ ಯಾರೂ ಅಲ್ಲ. ಗೋಡೆಗೆ ಗುದ್ದಿದರೆ ಕೈ ನೋಯುತ್ತದೆಂದು ಹುಡುಗರು ಪೆಟ್ಟಿಗೆಗೇ ಗುದ್ದುತ್ತಿದ್ದರು. ಆ ನೀಲಿ ಅಕ್ಷರ ಬಂದದ್ದು ಹಾಗೆ.

ಹುಡುಗಿಯರು ಆ ಅಂಗಡಿಯ ಕಡೆ ಹಾಯುವಂತಿರಲಿಲ್ಲ. ಆದರೆ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕಸ ಹೊಡೆಯುವ ಕೆಲಸ ನನ್ನದು ಮತ್ತು ನೀಲಕ್ಕನದು. ನೀಲಕ್ಕ ಎಂದರೆ ನನ್ನ ಅಕ್ಕ, ಈಗ ಅಫಜಲಪುರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾಳೆ, ಮೊಮ್ಮಗನಿದ್ದಾನೆ. ಆಗ ಎರಡು ಜಡೆ, ಕೈಯಲ್ಲಿ ಕಸಬರಿಗೆ. ಒಳಗೆ ಹೋಗಿ ಬಾಗಿಲು ಅರೆ ಮುಚ್ಚಿದವಳೇ ಅಕ್ಕ ಕಸಬರಿಗೆಯನ್ನು ಗೋಡೆಗೆ ಆನಿಸಿ, ಪೆಟ್ಟಿಗೆಯ ಕಿರುಬಾಗಿಲು ತೆರೆದು ರೂಪಾಯಿ ಬೀಳುವಲ್ಲಿನ ತಂತಿಯನ್ನು ಬೆರಳಿನಿಂದ ಒತ್ತುತ್ತಿದ್ದಳು. ತಂತಿ ಒತ್ತಿದರೆ ಪೆಟ್ಟಿಗೆಗೆ ರೂಪಾಯಿ ಬಿತ್ತೆಂದೇ ಅನಿಸುತ್ತದೆ. ಪಾಪ, ಅದಕ್ಕೆ ತಿಳಿಯುವುದಿಲ್ಲ. "ಸರೂ, ನೀ ಬಾಗಲದಾಗ ನಿಂದ್ರು. ಅಪ್ಪ ಬಂದ್ರ ಹೇಳು" ಎನ್ನುತ್ತಿದ್ದಳು.

ನಾನು ನಿಲ್ಲುತ್ತಿದ್ದೆ. ಪೆಟ್ಟಿಗೆಗೆ ಬೆನ್ನು, ಸಂದಿಗೆ ಮುಖ. ಅಪ್ಪ ಸೈಕಲ್ಲಿನಲ್ಲಿ ಬರುತ್ತಿದ್ದ; ಮೂಲೆಯಲ್ಲಿ ಬೆಲ್ಲಿನ ಸದ್ದು ಕೇಳಿದ ಕೂಡಲೇ "ಅಪ್ಪ ಬಂದ!" ಎನ್ನುವುದು, ಅಕ್ಕ ಹ್ಯಾಂಡಲ್ ಬಿಟ್ಟು ಕಸಬರಿಗೆ ಹಿಡಿಯುವುದು. ಒಂದು ದಿನವೂ ಸಿಕ್ಕಿಬೀಳಲಿಲ್ಲ. ಎಲ್ಲ ನನ್ನ ಕಿವಿಯ ಕರಾಮತ್ತು ಎಂದು ನನಗೆ ಬಹಳ ಜಂಬವಿತ್ತು.

ಹೀಗಾಗಿ ನೋಡಿ, ನಮ್ಮದೇ ಅಂಗಡಿ, ನಮ್ಮದೇ ಪೆಟ್ಟಿಗೆ, ನಾನು ಮಾತ್ರ ಆ ಆಟವನ್ನು ನೋಡಲೇ ಇಲ್ಲ, ಕೇಳಿದೆ. ಯಾವ ಅಂತಸ್ತಿಗೆ ಯಾವ ಹಾಡು, ಈಟಿ ಬರುವ ಮುಂಚೆ ಎಂಥ ಗೊರಕೆ, ರುಮಾಲ್ಯಾ ಸತ್ತರೆ ಹೇಗೆ ಸದ್ದು ಇಳಿದು ಇಳಿದು ಠಪ್ಪೆನ್ನುತ್ತದೆ, ಎಲ್ಲ ಬಾಯಿಪಾಠ. ಕಣ್ಣಿಗೆ ಕಂಡದ್ದು ಮಾತ್ರ ಸಂದಿ. ಮೊದಲ ಅಂತಸ್ತಿನ ಹಾಡು ಎಂದರೆ ನನಗೆ ಜೋಳದ ಚೀಲ ಹೊತ್ತು ಹೋಗುವ ಹಮಾಲರು. ಮೂರನೆಯದೆಂದರೆ ಎದುರಿನ ಭಜ್ಜಿ ಬಂಡಿಯ ಎಣ್ಣೆ ವಾಸನೆ. ಹಲ್ಲಿ ಹೊಗೆ ಉಗುಳುವ ಸದ್ದೆಂದರೆ ಅಕ್ಕಲಕೋಟದ ಬಸ್ಸು ಹಿಂದಕ್ಕೆ ಸರಿಯುವುದು.

ಒಂದು ದಿನ ಅಕ್ಕ ಹಲ್ಲಿಯನ್ನು ಹೊಡೆದಳು. "ಸರೂ, ಸತ್ತದಬೇ! ಬಾಗಲಾ ತೆರಿಲಾಕತ್ತದ!" ಎಂದು ಕೂಗಿದಳು. ನಾನು ತಿರುಗುವಷ್ಟರಲ್ಲಿ ಕರೆಂಟು ಹೋಯಿತು. ಅಕ್ಕ ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟಳು. ತನ್ನ ಮದುವೆಯಲ್ಲೂ ಅಷ್ಟು ಅಳಲಿಲ್ಲ. ಮದುವೆ ಆ ಮುಂದಿನ ಬೇಸಿಗೆಗೇ ಆಯಿತು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಅದೊಂದು ಗಾದೆಯೇ ಆಗಿದೆ. ಗೊತ್ತಾದ ಹೆಣ್ಣು ತಪ್ಪಿಹೋದರೆ, ಉಕ್ಕಿದ ಹಾಲು ಒಲೆ ಪಾಲಾದರೆ, ಹತ್ತುವಷ್ಟರಲ್ಲಿ ಬಸ್ಸು ಬಿಟ್ಟರೆ, ಅಕ್ಕ ಅನ್ನುವುದು ಒಂದೇ ಮಾತು: "ಕ್ವಾಟಿ ಬಾಗಲಾ ಮುಂದ ಕರೆಂಟ್ ಹೋದಂಗಾತು."

ಈಗ ತಿಳಿಯಿತಲ್ಲ, ನಾನು ಯಾಕೆ ಆ ಪೆಟ್ಟಿಗೆಯನ್ನು ಕೊಳಕೂರಿನಿಂದ ಹೊತ್ತು ತಂದೆನೆಂದು? ಅಕ್ಕ ದಸರೆಯ ಸೂಟಿಗೆ ಆಳಂದಕ್ಕೆ ಬರುವವಳಿದ್ದಳು. ಅಷ್ಟರಲ್ಲಿ ಪೆಟ್ಟಿಗೆ ನಡೆಯಬೇಕು, ಅಕ್ಕ ಆ ಬಾಗಿಲ ಒಳಗೆ ಏನಿದೆಯೆಂದು ನೋಡಬೇಕು. ಅವಳಿಗೆ ಗುಟ್ಟಾಗಿಯೇ ಇಡಬೇಕೆಂದು ನಿಶ್ಚಯಿಸಿದೆ. ಗುಟ್ಟು ಇಡಲು ನಾನು ನಿಶ್ಚಯಿಸಿದಾಗೆಲ್ಲ ಏನಾದರೊಂದು ಅನಾಹುತ ಆಗುತ್ತದೆ, ಆದರೂ ಬುದ್ಧಿ ಬರುವುದಿಲ್ಲ.

ಪೆಟ್ಟಿಗೆ ಶೆಡ್ಡಿಗೆ ಬಂದ ದಿನ ಜಾತ್ರೆಯಷ್ಟು ಮಂದಿ. ಗಡ್ಡ ನೆರೆತವರೆಲ್ಲ ಹ್ಯಾಂಡಲ್ ಹಿಡಿದು ನೋಡಿ, "ಇದರಾಗ ನಮ್ಮ ಹೊಲದ ಎಷ್ಟ ತೊಗರಿ ಹೋಗ್ಯಾದ" ಎಂದು ನಕ್ಕರು. ಮಾನಪ್ಪ ಗೆದ್ದಲು ತಿಂದ ತಳದ ಹಲಗೆ ಬಿಚ್ಚಿ ಬೇರೆ ಕೂಡಿಸಿದ. ಬಣ್ಣ ಕೆರೆಯುವ ಕೆಲಸ ನನಗೆ ಕೊಟ್ಟರು. ಶಾಲೆ ಬಿಟ್ಟ ಮೇಲೆ ದಿನಾ ಉಜ್ಜುವ ಕಾಗದ ಹಿಡಿದು ಕುಂಕುಮ, ಎಣ್ಣೆ, ಜಿಡ್ಡು ತೆಗೆದೆ. ಅಪ್ಪನ ಅಕ್ಷರದ ಸುತ್ತ ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಮಾನಪ್ಪ, "ಅಕ್ಷರ ಸೊಟ್ಟ ಅವ, ಹೊಸಾದು ಬರಸೋಣೇನ್ರಿ?" ಎಂದು ಒಂದು ಸಲ ಕೇಳಿದ, ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಮೈಬೂಬ ಭಾಯಿಯದು ಬೇರೆಯೇ ಗತ್ತು. ಗಾಜಿನ ಕೊಳವೆ ಕೂಡಿಸಿ, ವೈರು ಬದಲಿಸಿ, ಬೆಳಕು ಬರಿಸಿದ. ಪರದೆಯ ಮೇಲೆ ಬರೀ ಗೆರೆ, ಸದ್ದಂತೂ ಇಲ್ಲವೇ ಇಲ್ಲ. ಒಳಗಿಂದ ಹಸಿರು ಬೋರ್ಡನ್ನು ಎಳೆದು ತೆಗೆದು, ಮೀಟರಿನ ಕಡ್ಡಿ ಅಲ್ಲಲ್ಲಿ ಚುಚ್ಚಿ, ವೈದ್ಯರಂತೆ ಕನ್ನಡಕ ತೆಗೆದ.

"ಟೀಚರ, ಎಲ್ಲಾ ಬರೋಬರಿ ಅದ. ಬೋರ್ಡಿನ ಜೀವ ಹೋಗ್ಯಾದ್ರಿ. ಕತಂ."

"ಏನೂ ಮಾಡ್ಲಿಕ್ಕೆ ಬರೂದಿಲ್ಲೇನು ಭಾಯಿ?"

"ಹೈದರಾಬಾದಿನ್ಯಾಗ ಒಬ್ಬಾಂವ ಹಾನ. ಕಳಸ್ತೀನಿ. ದೀಪಾವಳಿ ತನಾ ಬರಬಹುದ್ರಿ."

ದೀಪಾವಳಿಗೆ ಅಕ್ಕ ಎಲ್ಲಿರುತ್ತಾಳೆ? ಸೂಟಿ ಮುಗಿದು ಅಂಗನವಾಡಿ ಸುರುವಾಗಿರುತ್ತದೆ. ಆದರೂ ಕಳಿಸಿರಿ ಎಂದೆ, ಬೇರೆ ದಾರಿ ಇರಲಿಲ್ಲ. ಭಾಯಿ ಬೋರ್ಡನ್ನು ಕಟ್ಟೆಯ ಮೇಲೆ ಇಟ್ಟ, ಹಬ್ಬ ಮುಗಿದ ಮೇಲೆ ಪಾರ್ಸಲ್ ಮಾಡೋಣವೆಂದ. ಪೆಟ್ಟಿಗೆಗೆ ತಾಡಪತ್ರಿ ಹೊದಿಸಿದೆವು.

ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಶೆಡ್ಡಿನಲ್ಲಿ ಗದ್ದಲವೇ ಗದ್ದಲ. ಒಯ್ದ ಸಾಮಾನೆಲ್ಲ ಆ ದಿನ ಮೊಳೆಗೆ ಮರಳಲೇಬೇಕು, ಚಪ್ಪಲಿಗಳೆಲ್ಲ ಜೋಡಿ ಸೇರಲೇಬೇಕು. ಹಿಂದಿನ ದಿನ ಹೆಂಗಸರು ಸೇರಿ ಉಳಿ, ಸುತ್ತಿಗೆ, ಪಾನಾ ಎಲ್ಲ ತೊಳೆದು ಬಿಸಿಲಿಗೆ ಹರವುತ್ತಾರೆ. ಅಕ್ಕ ಆಗಷ್ಟೇ ಅಫಜಲಪುರದ ಬಸ್ಸಿಳಿದು ಬಂದಿದ್ದಳು. ತೊಳೆಯುವುದೆಂದರೆ ಅಕ್ಕನಿಗೆ ಪ್ರಾಣ. ಸುಮ್ಮನೆ ಬಿಟ್ಟರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. "ನಡಿ, ನಾನೂ ಬರ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟಳು. ತಾಡಪತ್ರಿ ಹೊದಿಸಿದೆಯಲ್ಲ, ಗುಟ್ಟು ಬಯಲಾಗದು ಎಂದು ನಾನು ಧೈರ್ಯವಾಗಿ ಕರೆದೊಯ್ದೆ. ಹೂವು ತರಲು ಪೇಟೆಗೆ ಹೋಗಿ ಬಂದೆ. ಬಂದು ನೋಡಿದರೆ, ತೊಳೆದಿಟ್ಟ ಪಾನಾಗಳ ಸಾಲಿನಲ್ಲಿ ಹಸಿರು ಬೋರ್ಡು ಫಳಫಳ ಹೊಳೆಯುತ್ತಿದೆ. ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ.

"ಅಕ್ಕಾ! ಇದನ್ಯಾಕ ತೊಳದಿ?"

"ಯಾಕಂದ್ರ? ಎಣ್ಣಿ ಜಿಗಟ, ಊದಬತ್ತಿ ಬೂದಿ, ಎಷ್ಟ ಹೊಲಸಿತ್ತು ಗೊತ್ತದೇನು? ಸಬಕಾರ ಹಚ್ಚಿ ನಾರಲೆ ತಿಕ್ಕಿದ್ರೂ ಜಲ್ದಿ ಹೋಗವಲ್ದು. ಹಿಂದ ಮುಳ್ಳ ಮುಳ್ಳ ಅದ, ಕೊಬ್ರಿ ತುರಿಯೂದೇನಬೇ ಇದು?"

ಮೈಬೂಬ ಭಾಯಿ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. "ಯಾ ಅಲ್ಲಾ! ಅಕ್ಕಾರ, ಅದಕ್ಕ ಜಳಕಾ ಮಾಡ್ಸೀರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ತೊಳಿಯೋ ಹುಚ್ಚಿಗಿ ಬೆಂಕಿ ಬೀಳ್ಲಿ!" ಎಂದು ತಾಡಪತ್ರಿ ಎಳೆದೆ. ಪೆಟ್ಟಿಗೆ ಹೊಸ ಮೆರುಗಿನಲ್ಲಿ ನಿಂತಿತ್ತು. ಅಕ್ಕ ಒದ್ದೆ ಕೈಯಲ್ಲೇ ಹತ್ತಿರ ಹೋದಳು. ಅಪ್ಪನ ಅಕ್ಷರದ ಮೇಲೆ ಬೆರಳಾಡಿಸಿದಳು. ನಾನು ಎಲ್ಲ ಹೇಳಿದೆ, ಕೊಳಕೂರು, ಟೆಂಪೋ, ಹೈದರಾಬಾದು, ಎಲ್ಲ. ಅಕ್ಕ ಬೋರ್ಡನ್ನು ಸೆರಗಿನಿಂದ ಒರೆಸಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಮಾಳಿಗೆ ಮೇಲೆ ಹೋದರೆ ಅಲ್ಲಿ ಹೊರಸು ಹಾಕಿದೆ. ಹೊರಸಿನ ಮೇಲೆ ಅವ್ವನ ಹಳೇ ಸೀರೆ, ಸೀರೆಯ ಮೇಲೆ ಬೋರ್ಡು, ಅದರ ಮೇಲೆ ತೆಳ್ಳನೆ ಪಂಜೆ. ಮಗ್ಗುಲಿಗೆ ಅಕ್ಕ, ಕೈಯಲ್ಲಿ ಕಾಗೆ ಓಡಿಸುವ ಕೋಲು. ಸಂಡಿಗೆಗೂ ಇಷ್ಟು ಕಾವಲು ಕಂಡಿಲ್ಲ. ಬಿಸಿಲು ಸರಿದಂತೆ ಹೊರಸನ್ನು ಸರಿಸುತ್ತಿದ್ದಳು. ಸಂಜೆ ತಂಪಿಗೆ ನೀರು ಹಿಡಿದೀತೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಜೋಳದ ಚೀಲದಲ್ಲಿ ಹುಗಿದಳು. ನಮ್ಮಿಬ್ಬರಿಗೂ ಮಾತಿಲ್ಲ. ನನಗೆ ಸಿಟ್ಟು, ಅವಳಿಗೆ ಸಂಕಟ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಬೇಕಾದರೂ ಗೋಡೆಗೆ ಕೇಳುತ್ತಿದ್ದೆವು.

ದಶಮಿಯ ಸಂಜೆ ಬನ್ನಿ ಕೊಡುವುದು ನಿಮಗೆ ಗೊತ್ತಿದ್ದದ್ದೇ. ಎಂಥ ಹಗೆಯಿದ್ದರೂ ಆ ದಿನ ಬನ್ನಿ ಎಲೆ ಕೊಟ್ಟರೆ ಬೇಡವೆನ್ನುವಂತಿಲ್ಲ. ಅಕ್ಕ ಬಂದು ನಿಂತಳು. ನಾನು ಸಣ್ಣವಳು, ನಾನೇ ಮೊದಲು ಕೊಟ್ಟು ಕಾಲಿಗೆ ಬೀಳಬೇಕಿತ್ತು. ಅವಳೇ ಮುಂದಾಗಿ ನನ್ನ ಅಂಗೈಯಲ್ಲಿ ಎಲೆ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ" ಎಂದಳು. "ಕೆಟ್ರ ಕೆಡ್ಲಿ ಸರೂ. ನನ್ನ ಸಲ್ವಾಗಿ ನೀ ಇಷ್ಟೆಲ್ಲಾ ಮಾಡಿದಿಯಲ್ಲ, ನನಗ ಅಷ್ಟೇ ಸಾಕು." ನನ್ನ ಸಿಟ್ಟು ಎಲ್ಲಿ ಹೋಯಿತೋ! ಇಬ್ಬರೂ ಅಂಗಳದಲ್ಲಿ ನಿಂತು ಅತ್ತೆವು. ಆಚೆ ಮನೆಯವರು ಏನೋ ಸಾವಿನ ಸುದ್ದಿ ಬಂದಿದೆ ಎಂದುಕೊಂಡು ಓಡಿ ಬಂದರು.

ಬನ್ನಿ ಕೊಡಲು ಬಂದಿದ್ದ ಮೈಬೂಬ ಭಾಯಿಗೆ ಅಕ್ಕ, "ಭಾಯಿ, ಒಮ್ಮಿ ಹಚ್ಚಿ ನೋಡ್ರಿ. ಹೆಂಗೂ ಸತ್ತದ್ದು, ಮತ್ತೇನ ಸಾಯ್ತದ?" ಎಂದಳು. ಮರುದಿನ ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಜೋಳದಲ್ಲಿ ಹೂತಿದ್ದ ಬೋರ್ಡು ಬೆಚ್ಚಗಿತ್ತು. ಎರಡು ಕಾಳು ಎಲ್ಲೋ ಒಳಗೆ ಸಿಕ್ಕಿಕೊಂಡಿದ್ದವು, ಇವತ್ತಿಗೂ ಅಲ್ಲೇ ಇವೆ. ಭಾಯಿ ಬಿಸ್ಮಿಲ್ಲಾ ಎಂದ, ಮಾನಪ್ಪ ಕೈ ಮುಗಿದ. ನನಗೆ ನೋಡುವ ಧೈರ್ಯವಾಗಲಿಲ್ಲ. ಬೆನ್ನು ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ನಿಂತೆ.

ಗುಂಡಿ ಒತ್ತಿದ ಟಕ್ ಸದ್ದು. ಆಮೇಲೆ ಸುಮ್ಮನೆ. ಆಮೇಲೆ, ಅಯ್ಯೋ ನನ್ನಪ್ಪನೇ, ಆ ಹಾಡು! ಗಾಜು ಕಾಯ್ದು ಚಿತ್ರ ಮೂಡುವ ಮುಂಚೆ ಸದ್ದು ಬರುತ್ತದೆ. ಹಾಗಾಗಿ ಪೆಟ್ಟಿಗೆ ಬದುಕಿತೆಂದು ಆಳಂದದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. "ಬಂತು!" ಎಂದು ಕಿರುಚಿದೆ. ವರ್ಷಾನುಗಟ್ಟಲೆ ದೇವರ ಮುಂದಿನ ಹೊಗೆ, ಎಣ್ಣೆಮಸಿ ಕುಡಿದು ಬೋರ್ಡಿಗೆ ಉಸಿರು ಕಟ್ಟಿತ್ತಂತೆ. ಅಕ್ಕನ ಸಾಬೂನು ಬಿಡಿಸಿತ್ತು. ಭಾಯಿ ಆಗಲೇ ಸುತ್ತಲಿನವರಿಗೆ, "ನಾ ಮೊದಲೇ ಅಂದಿದ್ದೆ, ಒಳಗ ಹೊಲಸದ ಅಂತ" ಎಂದು ಹೇಳತೊಡಗಿದ್ದ.

ಅಕ್ಕ ಆಡಿದಳು. ಮೊದಲ ಅಂತಸ್ತಿನಲ್ಲೇ ಸತ್ತಳು. ಮತ್ತೆ ಆಡಿದಳು, ಸತ್ತಳು. ಕೈಗೆ ಬಿಗಿ, ಮೂಗಿನ ಮೇಲೆ ಕನ್ನಡಕ. "ಇವಾ ಮೊದಲ ಇಷ್ಟ ಜೋರ ಓಡ್ತಿದ್ದಿಲ್ಲ" ಎಂದು ರುಮಾಲ್ಯಾನನ್ನೇ ಬೈದಳು. ದಿನಾ ರೊಟ್ಟಿ ಬಡಿದು ಮುಗಿಸಿ ಶೆಡ್ಡಿಗೆ ನಡೆಯುತ್ತಿದ್ದಳು. ಬೆರಳುಗಳಿಗೆ ನೆನಪು ಮೆಲ್ಲಗೆ ಬಂತು. ಭಾಯಿ ತನ್ನ ಅಂಗಡಿಯ ಇನ್ವರ್ಟರು ತಂದು ಟ್ರ್ಯಾಕ್ಟರ್ ಬ್ಯಾಟರಿಗೆ ಜೋಡಿಸಿದ. "ಈ ಸಲಾ ಯಾರ ಆಟಾನೂ ನಡಿಯಂಗಿಲ್ಲ" ಎಂದು ಕರೆಂಟಿನ ಕಂಬದ ಕಡೆ ನೋಡಿ ಮೀಸೆ ತಿರುವಿದ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಅಕ್ಕ ಸ್ಟೂಲಿನ ಮೇಲೆ ಕೂತು ಆಡುತ್ತ ಹಲ್ಲಿಯ ತನಕ ಮುಟ್ಟಿದಳು. ಶೆಡ್ಡಿನಲ್ಲಿ ನಾವಿಬ್ಬರೇ. ಅವಳ ಚೀಲ ಬಾಗಿಲಲ್ಲಿ ಇತ್ತು. ಈ ಸಲ ನಾನು ಪರದೆಯ ಕಡೆಗೇ ನೋಡುತ್ತಿದ್ದೆ. ಹಲ್ಲಿ ಹೊಗೆ ಉಗುಳಿತು, ರುಮಾಲ್ಯಾ ಜಿಗಿದ, ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಗರಗರ ಎಂದು ನಿಂತಿತು. ಕರೆಂಟು ಹೋಗಿತ್ತು.

"ಹೋತು" ಎಂದು ಅಕ್ಕ ಹ್ಯಾಂಡಲ್ ಬಿಟ್ಟುಬಿಟ್ಟಳು. ಹಳೇ ಅಭ್ಯಾಸ.

"ಹೋಗಿಲ್ಲಕ್ಕ! ನೋಡು, ಅದ! ಆಡು, ಆಡಬೇ!" ಎಂದು ನಾನು ಅವಳ ಕೈ ಹಿಡಿದು ಹ್ಯಾಂಡಲಿನ ಮೇಲೆ ಇಟ್ಟೆ. ಪರದೆ ಬೆಳಗುತ್ತಲೇ ಇತ್ತು. ಅಕ್ಕ ಹಲ್ಲು ಕಚ್ಚಿ ಗುಂಡಿ ಒತ್ತಿದಳು. ಹಲ್ಲಿ ಉರುಳಿತು. ಕೋಟೆಯ ಬಾಗಿಲು ಮೆಲ್ಲಗೆ ತೆರೆಯಿತು.

ಒಳಗೆ ರಾಜನ ಮಗಳಿರಲಿಲ್ಲ, ಬಂಗಾರವಿರಲಿಲ್ಲ, ಅಪ್ಪ ಹೇಳಿದ ಆಫೀಸೂ ಇರಲಿಲ್ಲ. ಒಂದು ಖಾಲಿ ಅಂಗಳ, ಒಂದು ಕಟ್ಟೆ. ರುಮಾಲ್ಯಾ ನಡೆದು ಹೋಗಿ ಕಟ್ಟೆಯ ಮೇಲೆ ಕೂತ. ತಲೆಯ ರುಮಾಲು ಬಿಚ್ಚಿದ, ಮುಖ ಒರೆಸಿಕೊಂಡ. ಅಷ್ಟೇ. ಆಮೇಲೆ ಆಟ ಮತ್ತೆ ಮೊದಲ ಅಂತಸ್ತಿನಿಂದ ಸುರುವಾಯಿತು.

ಅಕ್ಕನಿಗೆ ನಿರಾಸೆಯಾಯಿತೇನೋ ಎಂದು ನನಗೆ ಅಂಜಿಕೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಂತ ನೋಡು. ಪಾಪ, ಎಷ್ಟ ವರ್ಷ ನಿಂತೇ ಇದ್ದ" ಎಂದು ನಕ್ಕಳು. ಅವಳ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮೊಮ್ಮಗ ಹುಟ್ಟಿದ ದಿನ ಮಾತ್ರ ನೋಡಿದ್ದೆ.

ಆಮೇಲೆ ಎದ್ದು ಸ್ಟೂಲನ್ನು ನನ್ನ ಕಡೆ ತಳ್ಳಿದಳು. "ಈಗ ನೀ ಆಡು."

"ನನಗೆಲ್ಲಿ ಬರ್ತದ? ನಾ ಬಾಗಲಾ ಕಾಯವಾಕಿ."

"ಹುಚ್ಚಿ. ಅಪ್ಪಗ ಎಲ್ಲಾ ಗೊತ್ತಿತ್ತು. ತನ್ನ ಅಂಗಡಿಗಿ ಬರೂ ಮುಂದ ದಿನಾ ಯಾರರೆ ಬೆಲ್ ಹೊಡಿತಾರೇನು? ನಾವು ಬಿಟ್ಟು ಏಳ್ಲಿ ಅಂತ ಮೂಲ್ಯಾಗೇ ಹೊಡೀತಿದ್ದ."

ನನ್ನ ಕಿವಿಯ ಕರಾಮತ್ತೆಲ್ಲ ಒಂದೇ ಮಾತಿಗೆ ಮಣ್ಣುಪಾಲು. "ನಿನಗ ಆಗೇ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ನನ್ನ ಯಾಕ ಬಾಗಲದಾಗ ನಿಂದ್ರಸ್ತಿದ್ದಿ?"

"ನೀ ಒಳಗ ಬಂದ್ರ ನಿನಗೂ ಆಡ್ಲಿಕ್ಕೆ ಕೊಡಬೇಕಾಗ್ತಿತ್ತಲ್ಲ!" ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಎಂಥ ಕಳ್ಳಿ! ನಾನು ಅವಳ ಬೆನ್ನಿಗೊಂದು ಗುದ್ದಿದೆ. ಅದಕ್ಕೆ ತಿಳಿಯುತ್ತದೆ, ಗುದ್ದಬಹುದು.

ಅಕ್ಕ ಕಿರುಬಾಗಿಲಿಗೆ ಕೈ ಹಾಕಿ ತಂತಿ ಒತ್ತಿ, ತಾನು ಹೋಗಿ ಬಾಗಿಲಲ್ಲಿ ನಿಂತಳು. ಪೆಟ್ಟಿಗೆಗೆ ಬೆನ್ನು, ಓಣಿಗೆ ಮುಖ. ನಾನು ಹ್ಯಾಂಡಲ್ ಹಿಡಿದೆ. ಕಣ್ಣಿಗೆ ಏನೂ ತಿಳಿಯಲಿಲ್ಲ. ಕಿವಿಗೆ ಎಲ್ಲ ತಿಳಿದಿತ್ತು. ಗೊರಕೆ ಕೇಳಿದೆ, ಜಿಗಿದೆ, ಈಟಿ ಕೆಳಗೆ ಹಾಯಿತು. ಹಾಡು ಏರಿತು, ಬಗ್ಗಿದೆ. ನೋಡನೋಡುತ್ತ ಎರಡನೇ ಅಂತಸ್ತಿಗೆ ಹತ್ತಿದ್ದೆ. ಅಕ್ಕನ ಚೀಲ, ಬಸ್ಸು, ಶಾಲೆ ಎಲ್ಲ ಮರೆತು ಇನ್ನೊಂದು ಮೆಟ್ಟಿಲಿಗೆ ಕಾಲು ಇಡುವಷ್ಟರಲ್ಲಿ ಬಾಗಿಲಿಂದ ಕೂಗು ಬಂತು.

"ಅಪ್ಪ ಬಂದ!"

ಅಪ್ಪ ಹೋಗಿ ವರ್ಷಗಳಾಗಿವೆ. ಅದು ನನಗೆ ಗೊತ್ತಿದೆ. ಆದರೂ ಕೈ ಹ್ಯಾಂಡಲ್ ಬಿಟ್ಟಿತು, ನಾನು ಎದ್ದು ಕಸಬರಿಗೆ ಎಲ್ಲಿದೆ ಎಂದು ಗೋಡೆಯ ತುಂಬ ಹುಡುಕಿದೆ. ಹಿಂದೆ ಸದ್ದು ಇಳಿದು ಇಳಿದು ಠಪ್ಪೆಂದಿತು.

ಅಕ್ಕ ತಿರುಗಿಯೂ ನೋಡಲಿಲ್ಲ. "ಸತ್ತಿ, ಹೌದಲ್ಲ?" ಎಂದಳು.

"ಸತ್ತೆ" ಎಂದೆ.

"ತಂತಿ ಒತ್ತು. ಅಪ್ಪ ಇನ್ನಾ ಮೂಲಿ ತಿರುಗಿಲ್ಲ."